ನಿಮ್ಮ ಮಗನ ‘ಒಲ್ಲೆ’ ತಪ್ಪು ಕನ್ನಡವಲ್ಲ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ಮದುವೆಯಾಗಿ ಕಲಬುರಗಿಗೆ ಬಂದು ಆರು ವರ್ಷವಾಯಿತು. ಮೊದಮೊದಲು ಬಿಸಿಲು, ದಿನವೂ ಜೋಳದ ರೊಟ್ಟಿ, ಹೇಳದೆ ಕೇಳದೆ ಒಳಗೆ ಬರುವ ನೆರೆಮನೆಯವರು, ಎಲ್ಲವೂ ಕಷ್ಟವಾಗಿತ್ತು. ಈಗ ಹೊಂದಿಕೊಂಡಿದ್ದೇನೆ. ನನ್ನ ಬಾಯಲ್ಲೂ ‘ಚಾ’, ‘ಜಲ್ದಿ’ ಬರುತ್ತವೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ನಾಲ್ಕು ವರ್ಷದ ಮಗ ‘ನಾ ಒಲ್ಲೆ, ಆಡ್ಲಾಕ ಹೋಗ್ತೀನಿ’ ಅಂದ. ನನ್ನ ಅಮ್ಮ ನಕ್ಕು, ‘ಇದೆಂತ ಭಾಷೆ ಕಲಿಸಿದ್ದೀಯೇ’ ಅಂದರು. ಅಂದಿನಿಂದ ಅವನ ಮಾತು ತಿದ್ದುತ್ತಿದ್ದೇನೆ. ಅದನ್ನು ನೋಡಿ ಅತ್ತೆ ಮೊಮ್ಮಗನ ಜೊತೆ ಮಾತೇ ಕಡಿಮೆ ಮಾಡಿದ್ದಾರೆ. ನಾನು ಮಾಡಿದ್ದು ತಪ್ಪಾ? ನಾನೀಗ ಯಾವ ಊರಿನವಳು ಅನ್ನುವುದೇ ತಿಳಿಯುತ್ತಿಲ್ಲ.

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅತ್ತೆಯ ಮೌನ. ಅಲ್ಲಿಂದಲೇ ಶುರು ಮಾಡುತ್ತೇನೆ.

1948ರ ಸೆಪ್ಟೆಂಬರ್‌ವರೆಗೆ ಈ ಕಲಬುರಗಿ ಹೈದರಾಬಾದ್ ನಿಜಾಮರ ಸೀಮೆ. ಕಚೇರಿಯಲ್ಲಿ ಉರ್ದು, ಶಾಲೆಯಲ್ಲೂ ಉರ್ದುವಿನದೇ ಜೋರು. ಕನ್ನಡ ಉಳಿದದ್ದು ಒಲೆಯ ಮುಂದೆ, ಹೊಲದಲ್ಲಿ, ಭಜನೆಯಲ್ಲಿ. ಅತ್ತೆಯ ಹಿರಿಯರು ಕಂಡ ಕಾಲ ಅದು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದಾಗ ಎಷ್ಟು ಖುಷಿಪಟ್ಟಿದ್ದರು! ಆದರೆ ಪಠ್ಯಪುಸ್ತಕದಲ್ಲಿ ಬಂದ ಕನ್ನಡ ಅವರ ಮನೆಯ ಕನ್ನಡವಾಗಿರಲಿಲ್ಲ. ಉರ್ದುವಿನ ಮುಂದೆ ಬಗ್ಗದೆ ಉಳಿಸಿಕೊಂಡ ಮಾತನ್ನು ಕನ್ನಡದವರೇ ‘ಸರಿಯಿಲ್ಲ’ ಅಂದರೆ ಹೇಗಾಗಬೇಡ? ನೀವು ತಿದ್ದಿದ್ದು ಮಗುವನ್ನು. ಅತ್ತೆಯ ಕಿವಿಗೆ ಬಿದ್ದದ್ದು ಆ ಹಳೆಯ ಮಾತು.

ಇದು ನನಗೆ ಗೊತ್ತು. ಚಿಂಚೋಳಿ ಕಡೆಯ ಹಳ್ಳಿಯಿಂದ ಓದಲು ದಕ್ಷಿಣದ ಕಡೆ ಹೋದಾಗ, ಹಾಸ್ಟೆಲ್‌ನಲ್ಲಿ ನಾನು ಬಾಯಿ ತೆರೆದರೆ ಹುಡುಗಿಯರು ನಗುತ್ತಿದ್ದರು. ಆರು ತಿಂಗಳಲ್ಲಿ ಮಾತು ಬದಲಿಸಿಕೊಂಡೆ. ಒಂದು ದಿನ ಮನೆಗೆ ಫೋನ್ ಮಾಡಿದರೆ ಅವ್ವ, ‘ಯಾರ ಜೋಡಿ ಮಾತಾಡ್ಲಕತ್ತೀನಿ ನಾ? ನಮ್ ಮಗಳಿಗಿ ಫೋನ್ ಕೊಡ್ರಿ’ ಅಂದಳು. ಅವ್ವ ಚೇಷ್ಟೆ ಮಾಡಿರಲಿಲ್ಲ, ನಿಜಕ್ಕೂ ಗುರುತು ಸಿಕ್ಕಿರಲಿಲ್ಲ. ಆ ರಾತ್ರಿ ಬಹಳ ಅತ್ತುಬಿಟ್ಟೆ.

ಇನ್ನು ‘ಒಲ್ಲೆ’. ಅದು ವಚನಗಳಲ್ಲಿರುವ ಮಾತು, ಅದಕ್ಕಿಂತಲೂ ಹಳೆಯದು. ನಮ್ಮದೇ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಮಳಖೇಡ ಇದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ. ‘ಕವಿರಾಜಮಾರ್ಗ’ ಹುಟ್ಟಿದ್ದು 9ನೇ ಶತಮಾನದಲ್ಲಿ, ಅಲ್ಲಿನ ನೃಪತುಂಗನ ಆಸ್ಥಾನದಲ್ಲಿ. ಕನ್ನಡ ನಾಡು ಕಾವೇರಿಯಿಂದ ಗೋದಾವರಿವರೆಗೆ ಅಂದದ್ದು ಎಲ್ಲರಿಗೂ ಗೊತ್ತು. ಆದರೆ ಆ ಪುಸ್ತಕ ‘ಕನ್ನಡಂಗಳ್’ ಅಂತ ಬಹುವಚನವನ್ನೂ ಬಳಸುತ್ತದೆ. ಒಂದೊಂದು ಕಡೆಯ ದೇಸಿ ಒಂದೊಂದು ಥರ, ಅದರಲ್ಲಿ ತಪ್ಪು ಹುಡುಕಲು ಹೊರಟರೆ ವಾಸುಕಿಗೂ ಬೇಸರ ಬರುತ್ತದೆ ಅನ್ನುತ್ತದೆ. ಸಾವಿರ ವರ್ಷಕ್ಕೂ ಹಿಂದೆ, ನಿಮ್ಮ ಮನೆಯ ಸಮೀಪದಲ್ಲೇ ಹೇಳಿದ ಮಾತು ಇದು. ನಿಮ್ಮ ತೀರ್ಥಹಳ್ಳಿಯ ‘ಎಂತ’ವೂ ಅತ್ತೆಯ ‘ಒಲ್ಲೆ’ಯೂ ಆ ಕನ್ನಡಗಳೇ.

ಒಂದು ಮಾತು ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಗನ ಮಾತು ತಿದ್ದಿ ನೀವು ಕಲಿಸುತ್ತಿರುವುದು ಯಾವ ಕನ್ನಡ? ‘ಹೋಗೋಣ ಮಾರಾಯ’ ಅನ್ನುವ ನಿಮ್ಮ ಊರಿನದ್ದಂತೂ ಅಲ್ಲ, ಅಲ್ವಾ? ಟೀವಿಯ ಕನ್ನಡ ಇರಬೇಕು. ಅದನ್ನು ಶಾಲೆ ಹೇಗೂ ಕಲಿಸುತ್ತದೆ. ಮಕ್ಕಳು ಟೀಚರ್ ಮುಂದೆ ಒಂದು ಥರ, ಅಜ್ಜಿಯ ಮುಂದೆ ಒಂದು ಥರ ಮಾತಾಡುವುದನ್ನು ತಾವಾಗಿಯೇ ಕಲಿಯುತ್ತಾರೆ. ಅವನಿಗೆ ನಿಮ್ಮಿಂದ ಮಾತ್ರ ಸಿಗಬೇಕಾದದ್ದು ನಿಮ್ಮ ಮನೆಮಾತು. ರಾತ್ರಿ ಮಲಗಿಸುವಾಗ ಮಳೆಯ ಕಥೆ, ಕಳಲೆ, ಪತ್ರೊಡೆ, ಅಡಿಕೆ ತೋಟದ ಕಥೆ ಆ ಮಾತಿನಲ್ಲೇ ಹೇಳಿ.

ನೀವು ಯಾವ ಊರಿನವಳು ಅಂತ ಕೇಳಿದ್ದೀರಿ. ಮಲೆನಾಡಿನಲ್ಲಿ ತೋಟಕ್ಕೊಂದು ಮನೆ. ನೆಂಟರು ಬರುವುದು ದೂರದಿಂದಲೇ ಕಾಣುತ್ತದೆ, ಒಲೆಯ ಮೇಲೆ ನೀರಿಡಲು ಹೊತ್ತಿರುತ್ತದೆ. ಇಲ್ಲಿ ಹಳ್ಳಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲು ಇಳಿದ ಮೇಲೆ ಎಲ್ಲರೂ ಹೊರಗೆ ಕಟ್ಟೆಯ ಮೇಲೆ. ಹೇಳಿ ಬರುವ ಮಾತೆಲ್ಲಿ? ಎರೆ ಭೂಮಿ ಹಿಡಿದಿಟ್ಟ ತೇವದಲ್ಲಿ ಹಿಂಗಾರಿ ಜೋಳ ಬೆಳೆಯುತ್ತದೆ, ಅದಕ್ಕೇ ರೊಟ್ಟಿ. ನಿಮ್ಮನ್ನು ಬೆಳೆಸಿದ್ದು ಆ ಮಳೆ, ಅತ್ತೆಯನ್ನು ಬೆಳೆಸಿದ್ದು ಈ ಬಿಸಿಲು. ಆರು ವರ್ಷ ಇಲ್ಲಿದ್ದು ‘ಚಾ’ ಅಂದರೆ ತೀರ್ಥಹಳ್ಳಿ ನಿಮ್ಮನ್ನು ಬಿಟ್ಟುಹೋಗುವುದಿಲ್ಲ. ಅದು ಬಿಟ್ಟುಹೋಗಿದ್ದರೆ ನೀವು ಈ ಪತ್ರ ಬರೆಯುತ್ತಲೇ ಇರಲಿಲ್ಲ.

ಅಮ್ಮನಿಗೆ ಫೋನ್ ಮಾಡಿ, ಸಮಾಧಾನವಾಗಿ ಹೇಳಿ: ‘ಅದು ಅವನ ಅಜ್ಜಿಯ ಮಾತು ಅಮ್ಮ, ನಗಬೇಡ.’ ಅವರು ಕೆಟ್ಟದ್ದು ಮಾಡಲೆಂದು ನಕ್ಕಿಲ್ಲ. ಈ ಸಲ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಲು ಹೇಳಿ, ಬಿಸಿ ರೊಟ್ಟಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಎಳ್ಳಮಾವಾಸ್ಯೆಗೆ ಚರಗ (ಭೂಮಿತಾಯಿಗೆ ಅಡುಗೆಯ ಎಡೆ) ಚೆಲ್ಲಲು ಮಗನನ್ನು ಅತ್ತೆಯ ಜೊತೆ ಹೊಲಕ್ಕೆ ಕಳಿಸಿ, ನೀವೂ ಹೋಗಿ.

ಆದರೆ ಅಷ್ಟು ದಿನ ಕಾಯಬೇಡಿ. ಇವತ್ತು ಸಂಜೆ ಅತ್ತೆ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು, ‘ನನ್ನದು ತಪ್ಪಾಯಿತು ಅತ್ತೆ, ಅವನ ಜೊತೆ ಮೊದಲಿನ ಹಾಗೇ ಮಾತಾಡಿ’ ಅನ್ನಿ. ಅದನ್ನು ಕಲಬುರಗಿ ಕನ್ನಡದಲ್ಲಿ ಹೇಳಲು ಹೋಗಬೇಡಿ. ನಿಮ್ಮ ಕನ್ನಡದಲ್ಲೇ ಹೇಳಿ. ಅವರಿಗೆ ತಿಳಿಯುತ್ತದೆ.