ಲಾಸಾಕ್ಕೆ ರೈಲಿನಲ್ಲಿ ಹೋದರೆ ತಲೆನೋವು ತಪ್ಪುತ್ತದೆಯೇ?

ಪಿರಿಯಾಪಟ್ಟಣದ ಓದುಗರೊಬ್ಬರ ಪತ್ರ: "ಬೈಲಕುಪ್ಪೆಯ ಸೆರಾ ಮಠ ನೋಡುತ್ತ ಬೆಳೆದವರು ನಾವು. ಮೂಲ ಸೆರಾ ಇರುವ ಟಿಬೆಟ್‌ನ ಲಾಸಾಕ್ಕೆ 62 ವರ್ಷದ ಅಮ್ಮನನ್ನು ಕರೆದುಕೊಂಡು ನಾಲ್ಕು ದಿನದ ಮಟ್ಟಿಗೆ ಹೋಗಬೇಕೆಂದಿದ್ದೇವೆ. ರೈಲಿನಲ್ಲಿ ಹೋದರೆ ಎತ್ತರಕ್ಕೆ ಮೈ ಒಗ್ಗುತ್ತದಂತೆ, ನಿಜವೇ?"

ಹಾಗೆ ನಂಬಿ ಹೊರಡಬೇಡಿ. ಚೀನಾದ ಷಿನಿಂಗ್ ನಗರದಿಂದ ಲಾಸಾಕ್ಕೆ ರೈಲು ಸುಮಾರು 22 ಗಂಟೆ ತೆಗೆದುಕೊಳ್ಳುತ್ತದೆ. ಮೈ ಒಗ್ಗಲು ದಿನಗಳೇ ಬೇಕು. ಮೇಲಾಗಿ ಲಾಸಾ ಇರುವುದು 3,650 ಮೀಟರ್ ಎತ್ತರದಲ್ಲಿ, ರೈಲು ನಡುವೆ 5,072 ಮೀಟರಿನ ತಂಗುಲಾ ಘಟ್ಟ ಹತ್ತಿಳಿಯುತ್ತದೆ. ಬೋಗಿಯೊಳಗೆ ಬಿಡುವ ಆಮ್ಲಜನಕದಿಂದ ಪ್ರಯಾಣ ಸಲೀಸಾಗಬಹುದು, ಅಷ್ಟೇ. ಸುಮಾರು 2,270 ಮೀಟರ್ ಎತ್ತರದ ಷಿನಿಂಗ್‌ನಲ್ಲಿ ಎರಡು ರಾತ್ರಿ ತಂಗಿದರೆ ಅದಕ್ಕಿಂತ ಹೆಚ್ಚು ಉಪಯೋಗ. ಕಿಟಕಿಯಾಚೆಯ ನೋಟಕ್ಕಾದರೆ ರೈಲನ್ನೇ ಹಿಡಿಯಿರಿ.

ಲಾಸಾದಲ್ಲಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು. ಆದರೆ ತಲೆನೋವು, ವಾಕರಿಕೆ ಇಳಿದ ಕೂಡಲೇ ಬರುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಕಳೆದು, ಹೆಚ್ಚಾಗಿ ಮೊದಲ ರಾತ್ರಿ ಕಾಡುತ್ತವೆ. ಮಧ್ಯಾಹ್ನ ಆರಾಮಾಗಿದ್ದೇವೆಂದು ಊರು ಸುತ್ತಿದವರೇ ರಾತ್ರಿ ಮಲಗಲಾಗದೆ ಒದ್ದಾಡುವುದು. ಮುಂಜಾಗ್ರತೆಗೆ ಅಸೆಟಜೋಲಮೈಡ್ ಮಾತ್ರೆಯನ್ನು ಸಾಮಾನ್ಯವಾಗಿ 125 ಮಿ.ಗ್ರಾಂ.ನಂತೆ ದಿನಕ್ಕೆರಡು ಬಾರಿ, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ ಕೊಡುತ್ತಾರೆ. ತಾಯಿಯವರಿಗೆ ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ ಇದೆಯೇ, ಬಿ.ಪಿ. ಮಾತ್ರೆ ನಡೆಯುತ್ತಿದೆಯೇ ಎಂದು ವೈದ್ಯರಿಗೆ ತಿಳಿಸಿಯೇ ತೆಗೆದುಕೊಳ್ಳಿ. ಬೆರಳತುದಿ ಜುಮ್ಮೆಂದರೆ ಗಾಬರಿ ಬೇಡ, ಅದು ಮಾತ್ರೆಯ ಗುಣ. ಸುಮ್ಮನೆ ಕುಳಿತಾಗಲೂ ಏದುಸಿರು, ನಡಿಗೆಯಲ್ಲಿ ತೂರಾಟ, ಮಾತು ತೊದಲುವುದು ಕಂಡರೆ ಮಾತ್ರ ಕಾಯಬಾರದು: ತಕ್ಷಣ ಆಸ್ಪತ್ರೆಗೆ ಹೋಗಿ, ಆಮೇಲೆ ಕೆಳಗಿನ ಊರಿಗೆ ಇಳಿಯಿರಿ.

ನಾಲ್ಕು ದಿನ ಸಾಲದು, ಐದಾದರೂ ಇಟ್ಟುಕೊಳ್ಳಿ. ಮೊದಲ ದಿನ ಕೋಣೆ ಬಿಟ್ಟು ಕದಲಬೇಡಿ. ಎರಡನೆಯ ದಿನ ಜೋಖಾಂಗ್ ಬೌದ್ಧ ದೇವಾಲಯ ಮತ್ತು ಅದರ ಸುತ್ತಲಿನ ಬಾರ್ಖೋರ್ ಬೀದಿ: ಸಮತಟ್ಟು ದಾರಿ, ಎಲ್ಲರೂ ಬಲಕ್ಕೇ ಪ್ರದಕ್ಷಿಣೆ ಹಾಕುತ್ತಾರೆ, ಎದುರು ನಡೆಯಬೇಡಿ. ಮೂರನೆಯ ದಿನ ಸೆರಾ. 1419ರ ಈ ಮಠದ ಅಂಗಳದಲ್ಲಿ ಮಧ್ಯಾಹ್ನ ಮೂರರ ಸುಮಾರಿಗೆ ಭಿಕ್ಷುಗಳ ವಾದ ನಡೆಯುತ್ತದೆ. ನಿಂತವರು ಅಂಗೈಗೆ ಅಂಗೈ ಬಡಿದು ಪ್ರಶ್ನೆ ಎಸೆಯುತ್ತಾರೆ, ಕುಳಿತವರು ಉತ್ತರಿಸಬೇಕು. ಅಲ್ಲಿ ಗಡಿಯಾರ ಬೀಜಿಂಗ್‌ನದು, ಸೂರ್ಯ ನೆತ್ತಿಗೆ ಬರುವುದೇ ಎರಡು ಗಂಟೆಗೆ. ಟೋಪಿ ಮರೆಯಬೇಡಿ.

ದಲಾಯಿ ಲಾಮಾಗಳ ಹಳೆಯ ಅರಮನೆ ಪೊಟಾಲಾ ನಾಲ್ಕನೆಯ ದಿನಕ್ಕಿರಲಿ. ಟಿಕೆಟಿನಲ್ಲಿ ಪ್ರವೇಶದ ಹೊತ್ತು ನಮೂದಾಗಿರುತ್ತದೆ, ಒಳಗೆ ಇರಲು ಬಿಡುವುದು ಸುಮಾರು ಒಂದು ಗಂಟೆ. ತಡವಾಯಿತೆಂದು ನೂರಾರು ಮೆಟ್ಟಿಲುಗಳನ್ನು ದಡದಡ ಹತ್ತಿದರೆ ಬಾಗಿಲಲ್ಲೇ ಸುಸ್ತು. ಮೊದಲೇ ಹೋಗಿ, ಕೂತು ಕೂತು ಹತ್ತಿಸಿ.

ಬೈಲಕುಪ್ಪೆಯಲ್ಲಿ ಕೊಂಡ ದಲಾಯಿ ಲಾಮಾ ಚಿತ್ರ, ಪುಸ್ತಕ ಬ್ಯಾಗಿನಲ್ಲಿದ್ದರೆ ಮನೆಯಲ್ಲೇ ಬಿಡಿ, ಅಲ್ಲಿ ನಿಷೇಧ. ಗೈಡ್‌ಗೆ ರಾಜಕೀಯದ ಪ್ರಶ್ನೆ ಕೇಳಿದರೆ ಪೇಚಿಗೆ ಸಿಕ್ಕುವವರು ಅವರೇ.

ವಿದೇಶಿಯರು ಸ್ವಂತವಾಗಿ ಹೋಗುವಂತಿಲ್ಲ. ಚೀನಾ ವೀಸಾದ ಜೊತೆಗೆ ಟಿಬೆಟ್ ಪರ್ಮಿಟ್ ಬೇಕು, ಅದನ್ನು ಟ್ರಾವೆಲ್ ಏಜೆನ್ಸಿಯೇ ಮಾಡಿಸಬೇಕು. ಕಠ್ಮಂಡುವಿನಿಂದ ಹೋಗುವವರಿಗೆ ಗುಂಪು ವೀಸಾ, ಅದರ ವಿಧಾನ ಬೇರೆ. ಪರ್ಮಿಟ್ ಖಚಿತವಾಗುವ ತನಕ ಹಣ ವಾಪಸಾಗದ ಟಿಕೆಟ್ ಕೊಳ್ಳಬೇಡಿ. ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಸಾಮಾನ್ಯವಾಗಿ ವಿದೇಶಿಯರಿಗೆ ಬಾಗಿಲು ಮುಚ್ಚಿರುತ್ತದೆ. ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು. ಅಕ್ಟೋಬರ್ ಮೊದಲ ವಾರ ಚೀನಾದಲ್ಲಿ ರಾಷ್ಟ್ರೀಯ ರಜೆ, ಆಗ ಪೊಟಾಲಾ ಟಿಕೆಟ್ ಸಿಗುವುದೇ ಕಷ್ಟ.

— ಸಂ.