ಒದ್ದೆ ಮಣ್ಣಿನಲ್ಲೂ ಗಿಡ ಬಾಡುವುದೇಕೆ?

ಪ್ರಶ್ನೆ: ಕುಂಡದಲ್ಲಿರುವ ಐಲ್ಯಾಂಡ್ ಬುಷ್ ಪಾಪಿ ಗಿಡದ ಎಲೆಗಳು ಜುಲೈನಲ್ಲಿ ಜೋತುಬಿದ್ದಿವೆ. ಮಣ್ಣು ಒದ್ದೆಯೇ ಇದೆ. ಇನ್ನಷ್ಟು ನೀರು ಹಾಕಲೇ?
– ಓದುಗರು, ಮೂಡಿಗೆರೆ

ಉತ್ತರ: ಖಂಡಿತ ಬೇಡ. ಇದು ಬೇರುಕೊಳೆಯ ಲಕ್ಷಣ; ಕೊಳೆತ ಬೇರು ನೀರು ಹೀರಲಾರದು, ಹಾಗಾಗಿ ಒದ್ದೆಯಲ್ಲೂ ಗಿಡ ಬಾಡುತ್ತದೆ. ಈ ನಿತ್ಯಹಸಿರು ಪೊದೆಯ ತವರು ಕ್ಯಾಲಿಫೋರ್ನಿಯಾದ ಚಾನೆಲ್ ದ್ವೀಪಗಳ ಕುರುಚಲು ಕಾಡು. ಅಲ್ಲಿ ಮಳೆ ಚಳಿಗಾಲದಲ್ಲಿ, ಬೇಸಿಗೆ ಒಣ. ನಿಮ್ಮಲ್ಲಿ ಬೆಚ್ಚನೆ ಹವೆಯಲ್ಲೇ ಜಡಿಮಳೆ. ಕೊಳೆರೋಗದ ಶಿಲೀಂಧ್ರಕ್ಕೆ ಇನ್ನೇನು ಬೇಕು!

ಕುಂಡದ ಅಂಚಿನಲ್ಲಿ ಒಂದು ಎಳೆ ಬೇರನ್ನು ಮೆಲ್ಲಗೆ ಎಳೆಯಿರಿ. ಕಂದು ಸಿಪ್ಪೆ ಜಾರಿ ಬಂದು ದಾರದಂಥ ನಾರು ಉಳಿದರೆ ಆ ಬೇರು ಸತ್ತಿದೆ. ಎಲ್ಲವೂ ಹಾಗಿದ್ದರೆ ಗಿಡದ ಆಸೆ ಬಿಡಿ. ಬಿಳಿ ಬೇರುಗಳಿದ್ದರೆ ಕುಂಡವನ್ನು ಗಾಳಿಯಾಡುವ, ಬೆಳಕಿರುವ ಸೂರಿನಡಿ ಇಡಿ. ತಳದ ತಟ್ಟೆ ತೆಗೆದು, ಎರಡು ಇಟ್ಟಿಗೆಗಳ ಮೇಲೆ ಕೂರಿಸಿ. ಮೇಲಿನ ಎರಡು ಅಂಗುಲ ಒಣಗುವವರೆಗೆ ನೀರು ಮುಟ್ಟಿಸಬೇಡಿ.

ಮುಂದೆ ಮಣ್ಣಿನ ಕುಂಡವೇ ಇರಲಿ. ಅದಕ್ಕೆ ತುಂಬುವ ಮಿಶ್ರಣ: 2 ಪಾಲು ದಪ್ಪ ಮರಳು, 1 ಪಾಲು ಸಣ್ಣ ಜಲ್ಲಿ, 1 ಪಾಲು ಕೆಂಪು ಮಣ್ಣು. ಸಗಣಿ ಗೊಬ್ಬರ ಬೇಡ. ಕುಂಡ ಬದಲಿಸುವಾಗ ಬೇರಿನ ಹೆಂಟೆ ಒಡೆಯಬಾರದು. ಬೇರು ಕದಲಿದರೆ ಈ ಗಿಡ ಸಹಿಸದು. ಕಡೂರು, ಅರಸೀಕೆರೆ ಕಡೆಯ ಒಣಹವೆಯಾದರೆ ಇಷ್ಟು ಫಜೀತಿಯಿಲ್ಲ.