‘ಸದ್ಯಕ್ಕೆ’ ಎಂಬ ಪದ ತೆಗೆದದ್ದು ನಾನೇ

ಮಹಾಮಾರಿಯ ಹೊತ್ತಿನಲ್ಲಿ ಜನ ಗಾಬರಿಯಾಗದಂತೆ ನಾಯಕರು ಒಮ್ಮೆ ಆಡಿದ ಮಾತಿಗೇ ಗಟ್ಟಿಯಾಗಿ ನಿಲ್ಲಬೇಕಲ್ಲವೇ ಎಂದು ಕೇಳಿದ್ದೀರಿ. 2020ರ ಆರಂಭದಲ್ಲಿ, ಆರೋಗ್ಯ ಇಲಾಖೆಯೊಂದರ ದೈನಂದಿನ ಪ್ರಕಟಣೆಗಳನ್ನು ಬರೆಯುತ್ತಿದ್ದ ನಾನೂ ಹಾಗೆಯೇ ನಂಬಿದ್ದೆ.

ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಮಹಾಮಾರಿ ಎಂದು ಕರೆದಾಗ ವೈದ್ಯರಿಗೂ ದಾದಿಯರಿಗೂ ಸಾಲುವಷ್ಟು ಮಾಸ್ಕ್ ಇರಲಿಲ್ಲ. ಆರೋಗ್ಯವಂತರು ಸದ್ಯಕ್ಕೆ ಮಾಸ್ಕ್ ಧರಿಸಬೇಕಾಗಿಲ್ಲ, ದಾಸ್ತಾನು ಕಡಿಮೆಯಿರುವುದರಿಂದ ಅದು ಮೊದಲು ಆಸ್ಪತ್ರೆಗಳಿಗೆ ತಲುಪಬೇಕಾಗಿದೆ ಎಂದು ನಾನು ಕರಡು ಬರೆದೆ. ಕೊರತೆಯ ಸುದ್ದಿ ತಿಳಿದರೆ ಆಡಳಿತ ದುರ್ಬಲವಾಗಿ ಕಾಣುತ್ತದೆ ಎಂದು ಮೇಲಿನವರು ಹೇಳಿದ್ದರಿಂದ ದಾಸ್ತಾನಿನ ಮಾತನ್ನು ಹೊಡೆದುಹಾಕಿದೆ. ‘ಸದ್ಯಕ್ಕೆ’ ಎಂಬ ಪದವನ್ನು ತೆಗೆಯಲು ಮಾತ್ರ ಯಾರೂ ಹೇಳಿರಲಿಲ್ಲ. ವಾಕ್ಯ ದೃಢವಾಗಲಿ ಎಂದು ನಾನೇ ತೆಗೆದೆ.

ಆ ಪದ ಇದ್ದಾಗ ಅದು ಹಂಚಿಕೆಯ ಕುರಿತ ಸಲಹೆಯಾಗಿತ್ತು, ಹೋದಾಗ ಮಾಸ್ಕ್‌ನಿಂದ ಪ್ರಯೋಜನವೇ ಇಲ್ಲವೆಂಬ ತೀರ್ಪಾಯಿತು. ಲಕ್ಷಣಗಳಿಲ್ಲದವರಿಂದಲೂ ಸೋಂಕು ಹರಡುತ್ತದೆಂಬುದು ಸ್ಪಷ್ಟವಾಗುತ್ತ ಬಂದು, ಜೂನ್ 5ರಂದು ವಿಶ್ವ ಆರೋಗ್ಯ ಸಂಸ್ಥೆಯೇ ಸೋಂಕು ವ್ಯಾಪಕವಾಗಿರುವಲ್ಲಿ ಸಾರ್ವಜನಿಕರೂ ಮಾಸ್ಕ್ ಧರಿಸಲಿ ಎಂದಿತು. ‘ಸದ್ಯಕ್ಕೆ’ ಉಳಿದಿದ್ದರೆ ನಮ್ಮ ಹೊಸ ಪ್ರಕಟಣೆ ಹಳೆಯದರ ಮುಂದುವರಿಕೆಯಾಗುತ್ತಿತ್ತು. ಇಲ್ಲದ್ದರಿಂದ ಎರಡರಲ್ಲೊಂದು ಸುಳ್ಳೆಂದು ಓದುವವರು ತೀರ್ಮಾನಿಸಿದರು. ನನ್ನ ಸೋದರಮಾವ ಅವರಲ್ಲಿ ಒಬ್ಬರು. 2021ರಲ್ಲಿ ಲಸಿಕೆ ಹಾಕಿಸಿಕೊಳ್ಳಿ ಎಂದು ಬೇಡಿಕೊಂಡಾಗ, ‘ಮಾಸ್ಕ್ ಬೇಡವೆಂದು ಬರೆದವನೂ ನೀನೇ ಅಲ್ಲವೇನೋ?’ ಎಂದರು. ಉತ್ತರ ಕೊಡಲಾಗಲಿಲ್ಲ. ಎರಡು ತಿಂಗಳ ನಂತರ ಅವರು ಆಮ್ಲಜನಕದ ನೆರವಿನಲ್ಲಿ ಹದಿನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯ ತಳಹದಿಯನ್ನೇ ನಾನು ಒಪ್ಪುವುದಿಲ್ಲ. ಗಾಬರಿಗಿಂತ ಅಪನಂಬಿಕೆ ಹೆಚ್ಚು ಅಪಾಯಕಾರಿ, ಅದು ಮುಂದಿನ ಸಲಹೆಯನ್ನೂ ಮೊದಲೇ ಕೊಲ್ಲುತ್ತದೆ. ದಕ್ಷಿಣ ಕೊರಿಯಾದಲ್ಲಿ 2015ರಲ್ಲಿ ಮರ್ಸ್ ಎಂಬ, ಕೊರೊನಾ ಗುಂಪಿನದೇ ವೈರಾಣುವಿನ ಸೋಂಕು 186 ಜನರಿಗೆ ತಗುಲಿದಾಗ ಸರ್ಕಾರ ಸೋಂಕು ಹರಡಿದ ಆಸ್ಪತ್ರೆಗಳ ಹೆಸರನ್ನು ಆರಂಭದಲ್ಲಿ ಮುಚ್ಚಿಟ್ಟು ಜನರ ಸಿಟ್ಟಿಗೆ ಗುರಿಯಾಯಿತು; ಬಳಿಕ ಮಾಹಿತಿ ಬಹಿರಂಗಪಡಿಸುವಂತೆ ಕಾನೂನನ್ನೇ ತಿದ್ದಿತು, ಮತ್ತು 2020ರಲ್ಲಿ ಅದರ ಫಲ ಕಂಡಿತು. ಬ್ರೆಜಿಲ್‌ನಲ್ಲಿ ಅಧ್ಯಕ್ಷ ಬೋಲ್ಸನಾರೊ ಏಪ್ರಿಲ್ 2020ರಲ್ಲಿ ಕೋವಿಡ್ ನಿರ್ವಹಣೆಯ ಕುರಿತ ಭಿನ್ನಾಭಿಪ್ರಾಯದ ಕಾರಣಕ್ಕೆ ಆರೋಗ್ಯ ಸಚಿವರನ್ನು ವಜಾ ಮಾಡಿದರು, ಅವರ ಜಾಗಕ್ಕೆ ಬಂದವರು ಒಂದು ತಿಂಗಳೂ ತುಂಬುವ ಮೊದಲೇ ರಾಜೀನಾಮೆ ಕೊಟ್ಟರು. ಅದನ್ನು ಗಟ್ಟಿತನವೆನ್ನಲು ನನಗೆ ಸಾಧ್ಯವಿಲ್ಲ. ನನ್ನ ಕಣ್ಣಿಗೆ ಗಟ್ಟಿಯಾಗಿ ಕಂಡವರು ಜರ್ಮನಿಯ ಸರ್ಕಾರದ ಅಂದಿನ ಮುಖ್ಯಸ್ಥೆ, ಚಾನ್ಸಲರ್ ಏಂಜೆಲಾ ಮರ್ಕೆಲ್. ಈಸ್ಟರ್ ಹಬ್ಬದ ಲಾಕ್‌ಡೌನ್ ನಿರ್ಧಾರವನ್ನು ಮಾರ್ಚ್ 24, 2021ರಂದು ಹಿಂತೆಗೆದುಕೊಂಡ ಅವರು, ತಪ್ಪು ತಮ್ಮೊಬ್ಬರದೇ ಎಂದು ಹೇಳಿ ಜನರ ಕ್ಷಮೆ ಕೇಳಿದರು.

ಮಾವ ಗುಣಮುಖರಾದ ಮೇಲೆ ಲಸಿಕೆ ಹಾಕಿಸಿಕೊಂಡರು, ನನ್ನ ಮಾತಿನಿಂದಲ್ಲ. ಜ್ವರ ಬರಬಹುದು, ಎರಡು ದಿನ ತೋಳು ನೋಯಬಹುದು, ಲಸಿಕೆಯ ನಂತರವೂ ಸೋಂಕು ತಗುಲಬಹುದು, ಆದರೆ ಈ ವಾರ್ಡಿಗೆ ಮರಳಿ ಬರುವ ಸಂಭವ ಬಹಳ ಕಡಿಮೆ ಎಂದು ಅವರ ವೈದ್ಯೆ ಒಂದನ್ನೂ ಮುಚ್ಚಿಡದೆ ಹೇಳಿದ್ದರು.